ನಿಶಾನೆ ಇಲ್ಲದ ಆಟ: ಸವಾರರೇ ನಡೆಸುವ ಸೈಕಲ್ ಸ್ಪರ್ಧೆಯ ಬಗ್ಗೆ ಒಂದು ಟಿಪ್ಪಣಿ

ಕನ್ನಡ ಸಂಘದ ಪತ್ರಿಕೆಯಲ್ಲಿ ಸೈಕಲ್ಲಿಗೇನು ಕೆಲಸ ಅಂತ ಕೇಳುವ ಗೆಳೆಯರಿಗೆ ಮೊದಲೇ ಉತ್ತರ ಹೇಳಿಬಿಡುತ್ತೇನೆ. ವಿಮರ್ಶೆಯ ತರಗತಿಯಲ್ಲಿ ನಾವು ಮತ್ತೆ ಮತ್ತೆ ಮುಗ್ಗರಿಸುವ ಪ್ರಶ್ನೆ ಒಂದಿದೆ. ಒಂದು ಕೃತಿ ಚೆನ್ನಾಗಿದೆ ಎಂದು ತೀರ್ಮಾನಿಸುವವರು ಯಾರು? ಆ ಅಧಿಕಾರ ಅವರಿಗೆ ಎಲ್ಲಿಂದ ಬಂತು? ಬರೆಯುವವನಿಂದಲೇ, ಓದುವವನಿಂದಲೇ, ಅಥವಾ ಬಹುಮಾನದ ಹಣ ಕೊಡುವವನಿಂದಲೇ? ಇದೇ ಪ್ರಶ್ನೆಯನ್ನು ಬೆಟ್ಟದ ನೆತ್ತಿಯಿಂದ ಸೈಕಲ್ ಸಮೇತ ಗಾಳಿಗೆ ಹಾರುವ ಕೆಲವು ಯುವಕರು ನಮಗಿಂತ ತೀವ್ರವಾಗಿ ಎದುರಿಸಿದ್ದಾರೆ. ಅವರ ವಿಷಯದಲ್ಲಿ ತಪ್ಪು ತೀರ್ಮಾನಕ್ಕೆ ಬೆಲೆ ಹೆಚ್ಚು, ಮೂಳೆ ಮುರಿಯುತ್ತದೆ. ಅವರು ಇದರ ಬಗ್ಗೆ ಸಿದ್ಧಾಂತ ಬರೆಯಲಿಲ್ಲ. ತಮ್ಮದೇ ಸ್ಪರ್ಧೆ ಕಟ್ಟಿಕೊಂಡರು.

ಮೊದಲು ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಸೈಕಲ್ ಓಟದಲ್ಲಿ ಗಡಿಯಾರವೇ ನ್ಯಾಯಾಧೀಶ. ಯಾರು ಮೊದಲು ಗೆರೆ ದಾಟಿದರೋ ಅವರು ಗೆದ್ದರು, ವಾದವಿಲ್ಲ. ಫ್ರೀಸ್ಟೈಲ್ ಎನ್ನುವ ಪ್ರಕಾರದಲ್ಲಿ ಹಾಗಲ್ಲ. ಸವಾರ ದಿಬ್ಬದಿಂದ ಹಾರುತ್ತಾನೆ, ಗಾಳಿಯಲ್ಲಿ ಹಿಂದಕ್ಕೆ ಲಾಗ ಹಾಕುತ್ತಾನೆ, ಹ್ಯಾಂಡಲ್ ಬಿಡುತ್ತಾನೆ, ಸೈಕಲ್ಲನ್ನು ಅಡ್ಡ ತಿರುಗಿಸಿ ಮತ್ತೆ ನೇರ ಮಾಡಿ ನೆಲಕ್ಕಿಳಿಯುತ್ತಾನೆ. ಇದಕ್ಕೆ ಎಷ್ಟು ಅಂಕ? ಗಡಿಯಾರ ಏನೂ ಹೇಳದು. ಒಬ್ಬರ ಕಣ್ಣು ಹೇಳಬೇಕು.

ನಮ್ಮ ಕಡೆಯ ಒಂದು ಉದಾಹರಣೆ ಇಲ್ಲಿ ಸಹಾಯಕ್ಕೆ ಬರುತ್ತದೆ. ದಕ್ಷಿಣ ಕನ್ನಡ, ಉಡುಪಿಯ ಕಂಬಳ ನೋಡಿದವರಿಗೆ ಕನೆ ಹಲಗೆ ಗೊತ್ತು. ಉಳಿದ ವಿಭಾಗಗಳಲ್ಲಿ ಕೋಣಗಳ ವೇಗವೇ ಮುಖ್ಯ. ಕನೆ ಹಲಗೆಯಲ್ಲಿ ಮಾತ್ರ ಓಡಿಸುವವನು ತೂತುಗಳಿರುವ ಹಲಗೆಯ ಮೇಲೆ ನಿಂತು ಹೋಗುತ್ತಾನೆ, ಆ ತೂತಿನಿಂದ ಕೆಸರು ನೀರು ಕಾರಂಜಿಯಂತೆ ಚಿಮ್ಮುತ್ತದೆ. ಮೇಲೆ ಅಡ್ಡಲಾಗಿ ಬಟ್ಟೆ ಕಟ್ಟಿರುತ್ತಾರೆ, ಅದೇ ನಿಶಾನೆ. ಆರೂವರೆ ಕೋಲು, ಏಳೂವರೆ ಕೋಲು ಎಂದು ಅದರ ಎತ್ತರ. ನೀರು ಬಟ್ಟೆಗೆ ತಾಗಿತೋ ಇಲ್ಲವೋ ಅಷ್ಟೇ. ಚೆಲುವನ್ನು ಅಳೆಯುವುದು ಕಷ್ಟ ಎಂದು ನಮ್ಮ ಹಿರಿಯರಿಗೆ ಗೊತ್ತಿತ್ತು, ಅದಕ್ಕೇ ಒಂದು ಬಟ್ಟೆ ಕಟ್ಟಿ ಜಗಳ ತಪ್ಪಿಸಿದರು. ಇದು ಜಾಣತನ ಅಂತ ನನಗೆ ಅನ್ನಿಸುತ್ತದೆ. ಆದರೆ ಸೈಕಲ್ಲಿನ ಫ್ರೀಸ್ಟೈಲ್‌ಗೆ ಇಂಥ ನಿಶಾನೆ ಕಟ್ಟಲು ಬರುವುದಿಲ್ಲ. ಅತಿ ಎತ್ತರ ಹಾರಿದವನೇ ಅತಿ ಚೆನ್ನಾಗಿ ಹಾರಿದ ಎನ್ನಲಾಗದು. ಕಾವ್ಯದ ಮಾತೂ ಅಷ್ಟೇ ತಾನೆ?

ಬೆಟ್ಟದ ಸೈಕಲ್ಲಿನ ಹುಟ್ಟೇ ಸವಾರರ ಕೈಯಲ್ಲಿ ಆಯಿತು ಅನ್ನೋದನ್ನು ಮರೆಯಬಾರದು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮರಿನ್ ಎಂಬ ಪ್ರಾಂತ್ಯ. ಅಲ್ಲಿನ ಕೆಲವು ಗೆಳೆಯರು 1930-40ರ ದಶಕಗಳ ಹಳೆಯ ದಪ್ಪ ಟಯರಿನ ಸೈಕಲ್ಲುಗಳನ್ನು ಗುಜರಿಯಿಂದ ಎತ್ತಿಕೊಂಡು ಬಂದು ಬೆಟ್ಟದಿಂದ ಇಳಿಸುತ್ತಿದ್ದರು. ಯಾರು ಬೇಗ ಇಳಿಯುತ್ತಾರೆ ಎಂಬ ಬಾಯಿಜಗಳ ತೀರಿಸಲು 1976ರ ಅಕ್ಟೋಬರಿನಲ್ಲಿ ಒಂದು ಓಟ ಇಟ್ಟುಕೊಂಡರು. ಚಾರ್ಲಿ ಕೆಲ್ಲಿ ಎಂಬಾತ ಸಮಯ ಬರೆದುಕೊಂಡ. ಆ ದಿನ ಬೀಳದೆ ಕೆಳಗೆ ಬಂದವನು ಆಲನ್ ಬಾಂಡ್ಸ್ ಒಬ್ಬನೇ, ಅವನೇ ಗೆದ್ದ. ದಾರಿ ಎರಡು ಮೈಲಿಗಿಂತ ಸ್ವಲ್ಪ ಹೆಚ್ಚು, ಇಳಿಕೆ ಸುಮಾರು 1300 ಅಡಿ. ಅಂದರೆ ನೂರು ಅಡಿ ಮುಂದೆ ಹೋದರೆ ಹನ್ನೆರಡು ಅಡಿ ಕೆಳಗೆ. ಆ ಸೈಕಲ್ಲುಗಳಿಗೆ ಪೆಡಲನ್ನು ಹಿಂದಕ್ಕೆ ತುಳಿದರೆ ಹಿಡಿಯುವ ಬ್ರೇಕು. ಇಳಿದು ಮುಗಿಯುವಷ್ಟರಲ್ಲಿ ಹಿಂದಿನ ಗಾಲಿಯ ಹಬ್ ಕಾದು ಒಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು, ಮತ್ತೆ ಗ್ರೀಸು ತುಂಬಬೇಕಾಗುತ್ತಿತ್ತು. ಹಾಗೆ 'ಮತ್ತೆ ತುಂಬುವುದು' ಎಂಬ ಅರ್ಥದ 'ರೀಪ್ಯಾಕ್' ಎನ್ನುವುದೇ ಆ ದಾರಿಗೂ ಓಟಕ್ಕೂ ಹೆಸರಾಯಿತು. ಊರ ಹೆಸರಲ್ಲ, ದಾನಿಯ ಹೆಸರಲ್ಲ, ಕೈಗೆ ಹತ್ತಿದ ಗ್ರೀಸಿನ ಹೆಸರು! ಅದೇ ಗುಂಪಿನ ಜೋ ಬ್ರೀಜ್ 1977ರಲ್ಲಿ ಬೆಟ್ಟಕ್ಕೆಂದೇ ಹೊಸ ಚೌಕಟ್ಟು ಬೆಸೆದ. ಸಂಘಟಕ, ಸ್ಪರ್ಧಿ, ಮೆಕ್ಯಾನಿಕ್, ಪ್ರೇಕ್ಷಕ ಎಲ್ಲರೂ ಅದೇ ಇಪ್ಪತ್ತು ಮೂವತ್ತು ಮಂದಿ.

ಆಮೇಲೆ ಏನಾಯಿತು ಎಂಬುದು ಎಲ್ಲ ಕಲೆಗಳ ಕಥೆಯೇ. ದುಡ್ಡು ಬಂತು, ಕಂಪನಿ ಬಂತು, ನಿಯಮದ ಪುಸ್ತಕ ಬಂತು. 1990ರ ದಶಕದಲ್ಲಿ ಕೆನಡಾದ ವ್ಯಾಂಕೂವರ್ ಬದಿಯ ಕಾಡುಗಳಲ್ಲಿ ಕೆಲವರು ಗಡಿಯಾರವನ್ನೇ ಬಿಟ್ಟು, ಕಷ್ಟದ ಇಳಿಜಾರನ್ನು ತಮಗಿಷ್ಟ ಬಂದ ಹಾಗೆ ಇಳಿಯುವುದನ್ನು ರೂಢಿಸಿದರು. 'ಫ್ರೀರೈಡ್' ಅಂದರು. ಅದಕ್ಕೆ ದೊಡ್ಡ ವೇದಿಕೆ ಸಿಕ್ಕಿದ್ದು 2001ರಲ್ಲಿ, ಅಮೆರಿಕದ ಯೂಟಾ ರಾಜ್ಯದ ವರ್ಜಿನ್ ಎಂಬ ಪುಟ್ಟ ಊರಿನ ಕೆಂಪು ಬೆಟ್ಟಗಳಲ್ಲಿ. ಪಾನೀಯ ಮಾರುವ ರೆಡ್ ಬುಲ್ ಕಂಪನಿ ನಡೆಸಿದ ಆ 'ರ‍್ಯಾಂಪೇಜ್' ಸ್ಪರ್ಧೆಯನ್ನು ಮೊದಲ ವರ್ಷ ಗೆದ್ದವನು ಕೆನಡಾದ ವೇಡ್ ಸಿಮನ್ಸ್. 2004ರ ನಂತರ ನಿಂತು 2008ರಲ್ಲಿ ಮತ್ತೆ ಶುರುವಾಯಿತು.

ರ‍್ಯಾಂಪೇಜ್‌ನಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಹಾರುವುದಲ್ಲ, ಅಗೆಯುವುದು. ಅಲ್ಲಿ ಸಿದ್ಧ ಮೈದಾನವಿಲ್ಲ. ಪ್ರತಿ ಸವಾರನೂ ಬೆಟ್ಟವನ್ನು ಮೇಲಿನಿಂದ ನೋಡಿ ತನ್ನ ಜಾಡನ್ನು ತಾನೇ ಆರಿಸಿಕೊಳ್ಳಬೇಕು. ಆಮೇಲೆ ಇಬ್ಬರು ಜೊತೆಗಾರರನ್ನು ಇಟ್ಟುಕೊಂಡು ಗುದ್ದಲಿ, ಹಾರೆ, ಮರಳಿನ ಚೀಲ ಹಿಡಿದು ದಿನಗಟ್ಟಲೆ ಕಡಿಯಬೇಕು. ಮಣ್ಣು ಗಟ್ಟಿಯಾಗಲು ನೀರು ಹೊರಬೇಕು. ಸ್ಪರ್ಧೆಯ ದಿನ ಇಳಿಯುವುದು ಎರಡು ಮೂರು ನಿಮಿಷ. ಈ ಅಗೆತದ ವಿವರ ಓದುವಾಗ ಎಲ್ಲೋರ ನೆನಪಾಗದೆ ಇರದು. ಎಂಟನೆಯ ಶತಮಾನದಲ್ಲಿ ರಾಷ್ಟ್ರಕೂಟ ಒಂದನೆಯ ಕೃಷ್ಣನ ಕಾಲದ ಕೈಲಾಸ ದೇವಾಲಯವನ್ನು ಬೆಟ್ಟದ ನೆತ್ತಿಯಿಂದ ಶುರುಮಾಡಿ ಕೆಳಕ್ಕೆ ಕಡಿಯುತ್ತ ಬಂದರು. ಮೊದಲು ಶಿಖರ, ಕಡೆಗೆ ಪಾದ. ಮೇಲೆ ಒಂದು ಪೆಟ್ಟು ತಪ್ಪಿದರೆ ಕೆಳಗೆ ತಿದ್ದಲು ಅವಕಾಶವಿಲ್ಲ. ಹೋಲಿಕೆ ಇಷ್ಟಕ್ಕೇ ಸಾಕು. ಒಂದು ದೇವಾಲಯ ಸಾವಿರದ ಇನ್ನೂರು ವರ್ಷ ನಿಂತಿದೆ, ಇನ್ನೊಂದು ಜಾಡು ಮುಂದಿನ ಮಳೆಗೆ ಕರಗುತ್ತದೆ.

ಇನ್ನು ಹಾರುವ ವಿಷಯ. ಸ್ವಲ್ಪ ಭೌತಶಾಸ್ತ್ರ, ಹೆದರಬೇಡಿ, ಪಿ.ಯು.ಸಿ. ಮಟ್ಟದ್ದು. ಎರಡು ದಿಬ್ಬಗಳ ನಡುವೆ 90 ಅಡಿ ಕಂದಕವಿದೆ ಎನ್ನಿ. ದಿಬ್ಬ 45 ಡಿಗ್ರಿ ಏರಿದ್ದು, ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಸವಾರ ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗದಲ್ಲಿ ನೆಲ ಬಿಡಬೇಕು. ಗಾಳಿಯಲ್ಲಿ ಇರುವುದು ಎರಡು ಸೆಕೆಂಡಿಗಿಂತ ತುಸು ಹೆಚ್ಚು. ಲಾಗ ಹಾಕಲು, ಕೈಬಿಡಲು, ಮತ್ತೆ ಹಿಡಿಯಲು ಇರುವ ಸಮಯ ಅಷ್ಟೇ. ಅವನು ಸಮತಟ್ಟಾದ ನೆಲಕ್ಕೆ ಬಿದ್ದರೆ ಇಪ್ಪತ್ತೆರಡು ಅಡಿ ಎತ್ತರದಿಂದ, ಅಂದರೆ ಎರಡು ಅಂತಸ್ತಿನ ಮನೆಯ ತಾರಸಿಯಿಂದ ನೆಲಕ್ಕೆ ಬಿದ್ದಷ್ಟು ಪೆಟ್ಟು. ಅದಕ್ಕೇ ಇಳಿಯುವ ದಿಬ್ಬವೂ ಇಳಿಜಾರಾಗಿರಬೇಕು. ಇಳಿಜಾರು ಅವನ ಬೀಳುವಿಕೆಯನ್ನು ಮುಂದೆ ಉರುಳುವಿಕೆಯಾಗಿ ತಿರುಗಿಸುತ್ತದೆ. ಹಾಗಾದರೆ ಜೀವ ಉಳಿಸುವುದು ಯಾವುದು? ಹೆಲ್ಮೆಟ್ಟಿಗಿಂತ ಮೊದಲು, ಇಳಿದಿಬ್ಬವನ್ನು ಕಟ್ಟಿದ ಕೈ. ಕೋನ ಸ್ವಲ್ಪ ತಪ್ಪಿದರೂ ಕಷ್ಟ. ಹಾರುವವನೇ ಕಟ್ಟಬೇಕು, ಕಟ್ಟಿದವನೇ ಮೊದಲು ಹಾರಬೇಕು ಎಂಬ ಸವಾರರ ಹಟ ಇಲ್ಲಿಂದ ಹುಟ್ಟಿದ್ದು. ಮಣ್ಣಿನ ದಿಬ್ಬ ಹಾರುವ ಹುಡುಗರಲ್ಲಿ ದೇಶದೇಶಗಳಲ್ಲೂ ಒಂದು ಕಟ್ಟಳೆಯಿದೆ: ಗುದ್ದಲಿ ಹಿಡಿಯದವನಿಗೆ ಸವಾರಿ ಇಲ್ಲ.

2015ರ ರ‍್ಯಾಂಪೇಜ್‌ನಲ್ಲಿ ಪಾಲ್ ಬಾಸಗೋಯ್ಟಿಯಾ ಎಂಬ ಅನುಭವಿ ಸವಾರ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಅವನ ಚೇತರಿಕೆಯ ಬಗ್ಗೆ 2019ರಲ್ಲಿ ಒಂದು ಸಾಕ್ಷ್ಯಚಿತ್ರವೂ ಬಂತು. ಆ ವರ್ಷ ಸವಾರರ ನಡುವೆ ಎದ್ದ ಮಾತು ಬರಿಯ ಸುರಕ್ಷತೆಯದಾಗಿರಲಿಲ್ಲ. ಮೈ ನಮ್ಮದು, ಅಪಾಯ ನಮ್ಮದು, ಆದರೆ ಚಿತ್ರ ತೆಗೆಯುವ ಹಕ್ಕು, ದಿನ ಗೊತ್ತುಮಾಡುವ ಹಕ್ಕು, ಅಂಕ ಕೊಡುವ ಹಕ್ಕು ಬೇರೆಯವರದು, ಇದು ಹೇಗೆ ನ್ಯಾಯ? ಗಾಳಿ ಜೋರಾಗಿ ಬೀಸುತ್ತಿದೆ, ಹಾರುವುದು ಬೇಡ ಎಂದು ಸವಾರನ ಮನಸ್ಸು ಹೇಳುತ್ತದೆ, ಆದರೆ ಕ್ಯಾಮೆರಾ ಕಾಯುತ್ತಿದೆ. ಈ ಇಕ್ಕಟ್ಟು ಸಣ್ಣದಲ್ಲ. ಕಂಪನಿಯನ್ನು ಬರೀ ಖಳನನ್ನಾಗಿ ಮಾಡುವುದೂ ಸರಿಯಲ್ಲ. ಆ ಹಣವಿಲ್ಲದೆ ಆ ಪ್ರಮಾಣದ ವೈದ್ಯರು, ಹೆಲಿಕಾಪ್ಟರು ಬೆಟ್ಟಕ್ಕೆ ಬರುತ್ತಿರಲಿಲ್ಲ.

ಇದಕ್ಕೆ ಸವಾರರು ಕೊಟ್ಟ ಇನ್ನೊಂದು ಉತ್ತರ 2010ರ ದಶಕದ ನಡುವಿನಲ್ಲಿ ಮೊಳೆತ 'ಫೆಸ್ಟ್' ಸರಣಿ. ಬೆಲ್ಜಿಯಂನಲ್ಲಿ ನಿಕೊ ವಿಂಕ್, ಕೆನಡಾದಲ್ಲಿ ಗ್ರಹಾಂ ಅಗಾಸಿಸ್, ದಕ್ಷಿಣ ಆಫ್ರಿಕಾದ ಸ್ಟೆಲೆನ್‌ಬಾಷ್ ಬಳಿ ಇಂಗ್ಲೆಂಡಿನ ಸ್ಯಾಮ್ ರೆನಾಲ್ಡ್ಸ್, ಹೀಗೆ ಒಬ್ಬೊಬ್ಬ ಸವಾರ ಒಂದೊಂದು ಕಡೆ ದೊಡ್ಡ ದಿಬ್ಬಗಳನ್ನು ಕಟ್ಟಿ ಉಳಿದವರನ್ನು ಕರೆಯುತ್ತಾನೆ. ನ್ಯಾಯಾಧೀಶರ ಮೇಜಿಲ್ಲ, ಅಂಕದ ಹಲಗೆ ಇಲ್ಲ. ಗಾಳಿ ಸರಿಯಿಲ್ಲದಿದ್ದರೆ ಎಲ್ಲರೂ ಕೂತು ಹರಟುತ್ತಾರೆ. ಸರಿಯಾದಾಗ ಒಬ್ಬರ ಹಿಂದೆ ಒಬ್ಬರು, ಸಾಲು ಬಂಡಿಯಂತೆ ಹಾರುತ್ತಾರೆ. ಕೊನೆಯಲ್ಲಿ ಒಳ್ಳೆಯ ವರಸೆ ಯಾರದು ಎಂದು ಸವಾರರೇ ಮತ ಹಾಕಿ ಹೇಳುತ್ತಾರೆ. ನಿಶಾನೆಯೇ ಇಲ್ಲದ ಕನೆ ಹಲಗೆ ಇದು.

ಇಲ್ಲಿ ಒಂದು ಆಕ್ಷೇಪ ಸಹಜ. ಗೆಳೆಯರೇ ಗೆಳೆಯರನ್ನು ಅಳೆದರೆ ಅದು ಪರಸ್ಪರ ಬೆನ್ನು ತಟ್ಟಿಕೊಳ್ಳುವ ಕೂಟವಾಗುವುದಿಲ್ಲವೆ? ನಮ್ಮ ಕವಿಗೋಷ್ಠಿಗಳನ್ನು ಕಂಡವರಿಗೆ ಈ ಭಯ ಹೊಸದಲ್ಲ! ಆದರೆ ನಮ್ಮಲ್ಲೇ ಇದಕ್ಕೆ ಹಳೆಯ ಮಾದರಿಗಳಿವೆ. ಮೈಸೂರು ದಸರಾ ಕುಸ್ತಿಗೆ ಮುಂಚೆ 'ಜೋಡಿ ಕಟ್ಟುವುದು' ಅಂತ ಒಂದು ಕಾರ್ಯಕ್ರಮ ನಡೆಯುತ್ತದೆ. ಯಾವ ಪೈಲ್ವಾನನಿಗೆ ಯಾರು ಸರಿಜೋಡಿ ಎಂದು ಗರಡಿಯ ಉಸ್ತಾದರು ಎದುರುಬದುರು ನಿಲ್ಲಿಸಿ ಮೈ ನೋಡಿ ತೀರ್ಮಾನಿಸುತ್ತಾರೆ. ತೂಕದ ಯಂತ್ರ ಹೇಳಲಾಗದ ಏನನ್ನೋ ಮಟ್ಟಿಯಲ್ಲಿ ಬಿದ್ದೆದ್ದ ಕಣ್ಣು ಹೇಳುತ್ತದೆ. ಜೊತೆಗೆ ಇನ್ನೊಂದು ಮಾತು. ತಪ್ಪು ಜೋಡಿ ಕಟ್ಟಿದರೆ ಹುಡುಗನ ಕುತ್ತಿಗೆಗೆ ಬರುತ್ತದೆ ಅನ್ನೋದು ಉಸ್ತಾದನಿಗೆ ಗೊತ್ತು. ಆ ಹೊಣೆಯೇ ಪಕ್ಷಪಾತಕ್ಕೆ ಕಡಿವಾಣ. ಸೈಕಲ್ ಸವಾರರಲ್ಲೂ ಹೀಗೆಯೇ. ಸುಳ್ಳು ಹೊಗಳಿಕೆ ಕೇಳಿ ಉಬ್ಬಿದ ಹುಡುಗ ನಾಳೆ ತನ್ನ ಶಕ್ತಿ ಮೀರಿದ ದಿಬ್ಬ ಹಾರಲು ಹೋಗುತ್ತಾನೆ. ನಮ್ಮ ಗೋಷ್ಠಿಯಲ್ಲಿ ಸುಳ್ಳು ಹೊಗಳಿಕೆಯಿಂದ ಯಾರ ಕಾಲೂ ಮುರಿಯುವುದಿಲ್ಲ, ಅದೇ ತೊಂದರೆ ಇರಬಹುದು.

ಆದರೂ ಆಕ್ಷೇಪ ಪೂರ್ತಿ ಸುಳ್ಳಲ್ಲ. ಗೆಳೆಯರ ಕೂಟಕ್ಕೆ ಬಾಗಿಲು ಇರುತ್ತದೆ, ಬಾಗಿಲ ಹೊರಗೆ ಯಾರಿದ್ದಾರೆ ಎಂಬುದು ಒಳಗಿನವರಿಗೆ ಕಾಣುವುದಿಲ್ಲ. ರ‍್ಯಾಂಪೇಜ್ ಶುರುವಾಗಿ ಇಪ್ಪತ್ತು ವರ್ಷ ದಾಟಿದರೂ ಅಲ್ಲಿ ಹೆಂಗಸರಿಗೆ ಪ್ರವೇಶವಿರಲಿಲ್ಲ. ದೊಡ್ಡ ಸ್ಪರ್ಧೆ ಮುಚ್ಚಿದ ಬಾಗಿಲನ್ನು ತಟ್ಟಿದ್ದು ಮತ್ತೆ ಸವಾರರೇ. 2019ರಲ್ಲಿ ಕೇಟಿ ಹೋಲ್ಡನ್ ಎಂಬಾಕೆ ಅದೇ ಯೂಟಾದ ಬೆಟ್ಟಗಳಲ್ಲಿ 'ಫಾರ್ಮೇಶನ್' ಎಂಬ ಹೆಸರಿನಲ್ಲಿ ಮಹಿಳಾ ಸವಾರರನ್ನು ಕೂಡಿಸಿದಳು. ಅದು ಸ್ಪರ್ಧೆಯಲ್ಲ, ಒಟ್ಟಿಗೆ ಜಾಡು ಅಗೆದು ಒಟ್ಟಿಗೆ ಇಳಿಯುವುದು. ಐದು ವರ್ಷದ ಮೇಲೆ, 2024ರಲ್ಲಿ, ರ‍್ಯಾಂಪೇಜ್ ಮೊದಲ ಬಾರಿಗೆ ಮಹಿಳಾ ವಿಭಾಗ ತೆರೆಯಿತು, ನ್ಯೂಜಿಲೆಂಡಿನ ರಾಬಿನ್ ಗೂಮ್ಸ್ ಗೆದ್ದಳು. ಪುರುಷರಲ್ಲಿ ಆ ವರ್ಷ ಬ್ರಾಂಡನ್ ಸೆಮೆನುಕ್‌ಗೆ ಐದನೆಯ ಗೆಲುವು.

ಇದೆಲ್ಲ ಎಲ್ಲೋ ದೂರದ ಮಾತಾಯಿತು. ಇಂಥದ್ದು ನಮ್ಮ ನೆಲದಲ್ಲಿ, ಅಂದರೆ ದಖ್ಖನ್ನಿನಲ್ಲಿ, ಹುಟ್ಟಲು ಸಾಧ್ಯವೆ? ನಾನು ನಾಸಿಕ್ ಮತ್ತು ಛತ್ರಪತಿ ಸಂಭಾಜಿನಗರಗಳನ್ನು ಎತ್ತಿಕೊಳ್ಳುತ್ತೇನೆ. 2023ರವರೆಗೆ ಔರಂಗಾಬಾದ್ ಆಗಿದ್ದದ್ದೇ ಈ ಸಂಭಾಜಿನಗರ. ಕನ್ನಡ ವಿದ್ಯಾರ್ಥಿಗಳಿಗೆ ಇವು ಪರಊರುಗಳಲ್ಲ. ಕವಿರಾಜಮಾರ್ಗ ಕನ್ನಡ ನಾಡಿನ ಉತ್ತರದ ಎಲ್ಲೆಯೆಂದು ಹೇಳುವ ಗೋದಾವರಿ ಹುಟ್ಟುವುದು ನಾಸಿಕ್ ಜಿಲ್ಲೆಯ ತ್ರ್ಯಂಬಕದ ಬ್ರಹ್ಮಗಿರಿಯಲ್ಲಿ. ಸಂಭಾಜಿನಗರ ಜಿಲ್ಲೆಯಲ್ಲಿ 'ಕನ್ನಡ' ಎಂಬ ಹೆಸರಿನ ತಾಲ್ಲೂಕೇ ಇದೆ, ಅಲ್ಲಿ ಇಳಿಯುವ ಘಾಟಿಗೂ ಅದೇ ಹೆಸರು.

ನೆಲ ನೋಡಿದರೆ ಆಸೆ ಹುಟ್ಟುತ್ತದೆ. ಸುಮಾರು ಆರೂವರೆ ಕೋಟಿ ವರ್ಷಗಳ ಹಿಂದೆ ಪದರ ಪದರವಾಗಿ ಹರಿದ ಲಾವಾ ಗಟ್ಟಿಯಾಗಿ ಆದ ಕಪ್ಪುಕಲ್ಲಿನ ಬೆಟ್ಟಗಳು. ಮೇಲೆ ಚಪ್ಪಟೆ, ಪಕ್ಕದಲ್ಲಿ ಮೆಟ್ಟಿಲು ಮೆಟ್ಟಿಲು. ಭೂವಿಜ್ಞಾನಿಗಳು ಹೇಳುವ 'ಡೆಕ್ಕನ್ ಟ್ರ‍್ಯಾಪ್' ಎಂಬುದರ 'ಟ್ರ‍್ಯಾಪ್' ಮೆಟ್ಟಿಲು ಎಂಬ ಅರ್ಥದ ಸ್ವೀಡಿಷ್ ಮಾತು. ಆ ಮೆಟ್ಟಿಲೇ ಸವಾರನಿಗೆ ಹಾರುದಿಬ್ಬ. ಆದರೆ ಮಣ್ಣು ಎರಡು ಬಗೆ. ಕೆಳಗಿನ ಎರೆಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ, ಅದರಲ್ಲಿ ಕಟ್ಟಿದ ಇಳಿದಿಬ್ಬ ನಂಬಲು ಬಾರದು. ಬೆಟ್ಟದ ಬುಡದ ಗರಸು, ಅಲ್ಲಿಯವರು ಮುರುಮ್ ಅನ್ನುತ್ತಾರಲ್ಲ, ಅದು ನೀರು ಹಾಕಿ ಧಮ್ಮಸು ಹೊಡೆದರೆ ಗಟ್ಟಿ ಕೂರುತ್ತದೆ.

ಸೈಕಲ್ ಪರಂಪರೆಯೂ ಇದೆ, ಬೇರೆ ಜಾತಿಯದು. ಅಮೆರಿಕದ ಪಶ್ಚಿಮ ಕರಾವಳಿಯಿಂದ ಪೂರ್ವ ಕರಾವಳಿಗೆ ಸುಮಾರು 4900 ಕಿಲೋಮೀಟರ್ ತುಳಿಯುವ 'ರೇಸ್ ಅಕ್ರಾಸ್ ಅಮೆರಿಕ'ವನ್ನು 2015ರಲ್ಲಿ ನಾಸಿಕ್‌ನ ವೈದ್ಯ ಸಹೋದರರು ಹಿತೇಂದ್ರ ಮಹಾಜನ್ ಮತ್ತು ಮಹೇಂದ್ರ ಮಹಾಜನ್ ಜೋಡಿಯಾಗಿ ಪೂರೈಸಿದರು. ಅದನ್ನೇ ಒಂಟಿಯಾಗಿ ಪೂರೈಸಿದ ಮೊದಲ ಭಾರತೀಯ ನಮ್ಮ ಬೆಂಗಳೂರಿನವರು, ನಾಸಿಕ್‌ನಲ್ಲಿ ಸೇನೆಯ ವೈದ್ಯರಾಗಿದ್ದ ಲೆಫ್ಟಿನೆಂಟ್ ಕರ್ನಲ್ ಶ್ರೀನಿವಾಸ ಗೋಕುಲನಾಥ್. 2016ರಲ್ಲಿ ಅರ್ಧಕ್ಕೆ ನಿಲ್ಲಿಸಬೇಕಾಯಿತು. 2017ರಲ್ಲಿ ಹನ್ನೆರಡು ದಿನದ ಗಡುವಿನೊಳಗೆ, 11 ದಿನ 18 ಗಂಟೆ 45 ನಿಮಿಷಕ್ಕೆ ಮುಗಿಸಿದರು. ನಾಸಿಕ್‌ನ ಸವಾರರು ಆಷಾಢದಲ್ಲಿ ಪಂಢರಪುರಕ್ಕೆ ಸೈಕಲ್ ವಾರಿಯನ್ನೂ ತಾವೇ ಕಟ್ಟಿ ನಡೆಸುತ್ತಾರೆ. ನಮ್ಮ ದಾಸರು ಹಾಡಿದ ವಿಠಲನ ಬಳಿಗೆ ಟಯರಿನ ಮೇಲೆ! ಅಲ್ಲಿ ಗೆಲ್ಲುವವರಿಲ್ಲ, ತಲುಪುವವರು ಮಾತ್ರ. ಸವಾರರೇ ಸಂಘಟಕರಾಗುವ ಅಭ್ಯಾಸ ಆ ಊರಿಗೆ ಹೊಸದಾಗಿ ಕಲಿಸಬೇಕಿಲ್ಲ. ತಾಳ್ಮೆಯ ಸವಾರಿ ಅಲ್ಲಿ ಬೇರೂರಿದೆ, ಹಾರುವ ಸವಾರಿ ಇನ್ನೂ ಬೇರೂರಬೇಕು.

ತೊಡಕು ಎಲ್ಲಿ ಬರುತ್ತದೆ ಅಂದರೆ, ಬೆಟ್ಟ ಯಾರದು ಎನ್ನುವಲ್ಲಿ. ನಾಸಿಕ್‌ನ ಪಾಂಡವಲೇಣಿ, ಸಂಭಾಜಿನಗರದ ಎಲ್ಲೋರ, ದೌಲತಾಬಾದ್ ಇವು ಸಂರಕ್ಷಿತ ಸ್ಮಾರಕಗಳು. 2010ರ ತಿದ್ದುಪಡಿಯ ಪ್ರಕಾರ ಸ್ಮಾರಕದ ಎಲ್ಲೆಯಿಂದ 100 ಮೀಟರ್ ಒಳಗೆ ಕಟ್ಟುವಂತಿಲ್ಲ, ಅದರಾಚೆ 200 ಮೀಟರ್ ಅನುಮತಿ ಬೇಕು. ಅಲ್ಲಿ ಗುದ್ದಲಿ ಹಾಕುವುದು ತಪ್ಪು, ಹಾಕಲೂಬಾರದು. ಕನ್ನಡ ತಾಲ್ಲೂಕಿನ ಗೌತಾಳಾ ಅಭಯಾರಣ್ಯಕ್ಕೆ 1972ರ ವನ್ಯಜೀವಿ ಕಾಯ್ದೆ ಇದೆ. ಬೆಂಗಳೂರಿನ ತುರಹಳ್ಳಿ ಕಾಡಿನ ಕಥೆ ನಮಗೆ ಗೊತ್ತೇ ಇದೆ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುವ ಯೋಜನೆಯನ್ನು ಜನ ಸೇರಿ ವಿರೋಧಿಸಿದರು. ಕಾಡನ್ನು ಕಾಡಾಗಿಯೇ ಬಿಡಿ ಎನ್ನುವ ವಾದ ಸೈಕಲ್ ಜಾಡಿಗೂ ಅನ್ವಯಿಸುತ್ತದೆ ಅನ್ನೋದನ್ನು ಸವಾರರು ಒಪ್ಪಲೇಬೇಕು. ಹೀಗಾಗಿ ಉಳಿಯುವುದು ರೈತರ ಪಡಾ ನೆಲ, ಕೈಬಿಟ್ಟ ಕಲ್ಲುಗಣಿ. ಕಲ್ಲುಗಣಿಯೇ ಮೇಲು ಅಂತ ನನ್ನ ಅಭಿಪ್ರಾಯ. ಅಲ್ಲಿ ಬೆಟ್ಟವನ್ನು ಯಾರೋ ಆಗಲೇ ಕಡಿದಾಗಿದೆ.

ಹಾಗೊಂದು ಕೂಟ ನಡೆಯುವುದಾದರೆ ಮೊದಲು ಬರೆಯಬೇಕಾದ ಕಾಗದ ಆಹ್ವಾನ ಪತ್ರಿಕೆಯಲ್ಲ. ಬಿದ್ದವನ ಆಸ್ಪತ್ರೆ ಖರ್ಚು ಯಾರು ಕೊಡುತ್ತಾರೆ, ಆಂಬುಲೆನ್ಸ್ ಎಲ್ಲಿ ನಿಂತಿರುತ್ತದೆ, ಅಲ್ಲಿಂದ ನರರೋಗ ವೈದ್ಯರಿರುವ ಆಸ್ಪತ್ರೆಗೆ ಎಷ್ಟು ಹೊತ್ತು, ಗಾಳಿ ಎದ್ದಾಗ ನಿಲ್ಲಿಸಿ ಎನ್ನುವ ಅಧಿಕಾರ ಯಾರಿಗೆ. ಈ ಕೊನೆಯ ಅಧಿಕಾರ ಅತಿ ಕಿರಿಯ ಸವಾರನಿಗೂ ಇರಬೇಕು, ಅವನ ಮಾತಿಗೆ ಯಾರೂ ನಗಬಾರದು. ಕಂಪನಿ ನಡೆಸುವ ಸ್ಪರ್ಧೆಯಲ್ಲಿ ಇವಕ್ಕೆಲ್ಲ ಒಬ್ಬ ಗುಮಾಸ್ತನಿರುತ್ತಾನೆ. ಸವಾರರೇ ನಡೆಸುವಾಗ ಆ ಗುಮಾಸ್ತಿಕೆಯನ್ನೂ ಸವಾರನೇ ಮಾಡಬೇಕು, ಗುದ್ದಲಿ ಕೆಳಗಿಟ್ಟು, ಕೈ ತೊಳೆದುಕೊಂಡು. ಮಳೆಗಾಲ ಮುಗಿದು ಗರಸಿನಲ್ಲಿ ಇನ್ನೂ ಹಸಿ ಇರುವ ಅಕ್ಟೋಬರ್, ನವೆಂಬರ್ ತಿಂಗಳು ಅಗೆಯಲು ಒಳ್ಳೆಯ ಕಾಲ.